ನಾನು ಮುಟ್ಟದ ಬೆರಳು

ಆ ಹತ್ತು ನಿಮಿಷದಲ್ಲಿ ನಿಜಕ್ಕೂ ಏನಾಯಿತು ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ನಾನು ಒಂದು ಹೇಳುತ್ತೇನೆ, ನಮ್ಮ ಅತ್ತೆ ಇನ್ನೊಂದು ಹೇಳುತ್ತಾರೆ. ಮಾವ ಆಗ ಕಣ್ಣು ಮುಚ್ಚಿಕೊಂಡಿದ್ದರು, ಅವರ ಸಾಕ್ಷಿ ನಡೆಯುವುದಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ದೀಪಾವಳಿಗೆ ಇನ್ನು ಹದಿನೈದು ದಿನ ಇತ್ತು. ನನ್ನ ಸೋದರಮಾವ ಕೊಟ್ಟೂರಿನಲ್ಲಿ ಟೇಲರ್. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು ಒಂದು ಭಾನುವಾರ ಅವರ ಅಂಗಡಿಗೆ ಹೋದೆ. ಎರಡೂ ಪಾದ ಇಟ್ಟು ಮಷಿನ್ ತುಳಿಯುವ ಮಾವ ಅವತ್ತು ಎಡಗಾಲು ಒಂದರಲ್ಲೇ ತುಳಿಯುತ್ತಿದ್ದರು.

"ಬಲಗಾಲಿಗೆ ಏನಾತ್ರಿ ಮಾವ?"

"ಆಣಿ ಆಗೈತಿ. ಸಂಜಿಗೆ ಬ್ಲೇಡಿನಾಗ ಕೆತ್ತಿ ಒಗಿತೀನಿ ಬಿಡು."

ಮಾವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಒತ್ತಾಯ ಮಾಡಿ ಪಾದ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಾಗಿ ನಡುವೆ ಕಪ್ಪು ಚುಕ್ಕೆ ಇತ್ತು. ಸುತ್ತ ಕೆಂಪಗೆ ಬಾತಿತ್ತು. ನೋವಿದೆಯೇ ಎಂದರೆ "ನೋವಿಲ್ಲ, ಬರೇ ಭಾರ" ಎಂದರು. ನೋವಿಲ್ಲ ಎಂಬ ಮಾತೇ ನನಗೆ ಭಯ ಹುಟ್ಟಿಸಿತು. ನನ್ನ ಸಹೋದ್ಯೋಗಿಯ ಅಣ್ಣನೂ ಹೀಗೇ ನೋವಿಲ್ಲ ನೋವಿಲ್ಲ ಎನ್ನುತ್ತಲೇ ಎರಡು ಬೆರಳು ಕಳೆದುಕೊಂಡಿದ್ದ.

"ದಾವಣಗೆರಿಗೆ ಹೋಗೋಣು ನಡೀರಿ."

"ಈ ಬ್ಲೌಸಿನ ರಾಶಿ ಕಾಣಂಗಿಲ್ಲೇನು ನಿನಗ? ಹಬ್ಬ ಮುಗೀಲಿ ಅಳಿಯಾ."

ದಾವಣಗೆರೆಯ ಡಾಕ್ಟರೊಬ್ಬರು ವಿಡಿಯೋ ಕರೆಯಲ್ಲೇ ಕಾಲು ನೋಡುತ್ತಾರೆ ಎಂದು ಅದೇ ಸಹೋದ್ಯೋಗಿ ಹೇಳಿದ್ದರು. ಕೈಯಿಂದ ಮುಟ್ಟದೆ ಕಾಲಿನ ಗತಿ ಹೇಗೆ ತಿಳಿಯುತ್ತದೆ ಎಂದು ಆಗ ನಕ್ಕಿದ್ದೆ. ಬ್ಲೇಡಿಗಿಂತ ಮೇಲು ಎಂದುಕೊಂಡು ಮರುದಿನ ಹನ್ನೊಂದು ಗಂಟೆಗೆ ಸಮಯ ತೆಗೆದುಕೊಂಡೆ. ಕಾಲೇಜಿಗೆ ರಜೆ ಹಾಕಿದೆ.

ಅಂಗಡಿಯಲ್ಲೇ ಅತ್ತೆ ಫೋನ್ ಹಿಡಿದುಕೊಂಡರು. ಪರದೆಯ ಮೇಲೆ ಡಾಕ್ಟರಮ್ಮ ಬಂದರು. ಕಾಲು ಬೆಳಕಿಗೆ ತನ್ನಿ, ಗಾಯದ ಪಕ್ಕ ಅಳತೆಗೆ ಏನಾದರೂ ಇಡಿ ಎಂದರು. ಮಾವ ಕೊರಳಲ್ಲಿದ್ದ ಟೇಪು ತೆಗೆದು ತಾವೇ ಹಿಡಿದರು. "ಅಳತಿ ನನಗ ಬಿಡ್ರಿ ಮೇಡಂ, ಅದೊಂದು ತಪ್ಪಂಗಿಲ್ಲ."

ಆಮೇಲೆ ಡಾಕ್ಟರಮ್ಮ ನನಗೆ ಒಂದು ಕೆಲಸ ಹೇಳಿದರು. ಮಾವ ಕಣ್ಣು ಮುಚ್ಚಬೇಕು. ನಾನು ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಹಗುರವಾಗಿ ಮುಟ್ಟಬೇಕು. ಗೊತ್ತಾದರೆ ಮಾವ ಹ್ಞೂಂ ಎನ್ನಬೇಕು.

ನಾನು ಮುಟ್ಟಿ "ಈಗ?" ಎಂದೆ. "ಹ್ಞೂಂ" ಎಂದರು. ಇನ್ನೊಂದು ಬೆರಳು, "ಈಗ?" "ಹ್ಞೂಂ." ಆರಕ್ಕೆ ಆರೂ ಹ್ಞೂಂ. ನನ್ನ ಎದೆ ಹಗುರಾಯಿತು.

ಡಾಕ್ಟರಮ್ಮ ಪರದೆಯ ಹತ್ತಿರ ಬಾಗಿದರು. "ಸರ್, ನೀವ್ಯಾಕೆ ಕೇಳ್ತೀರಿ? ನೀವು ಕೇಳಿದ್ರೆ ಅವರು ಹ್ಞೂಂ ಅಂತಾರೆ. ಇನ್ನೊಮ್ಮೆ ಮಾಡ್ರಿ. ಬಾಯಿ ಬಿಡಬ್ಯಾಡ್ರಿ. ನಡುವೆ ಒಂದೆರಡು ಸಲ ಮುಟ್ಟದೇ ಸುಮ್ಮನಿರ್ರಿ."

ಮುಖ ಬಿಸಿಯಾಯಿತು. ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಬೇಡಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವವನು ನಾನು.

ಮತ್ತೆ ಶುರು ಮಾಡಿದೆ. ಎಡಗಾಲು ಮುಗಿಸಿ ಬಲಗಾಲಿನ ಹೆಬ್ಬೆರಳಿನ ಹತ್ತಿರ ಕೈ ಒಯ್ದು, ಎಳೆಯಷ್ಟು ಅಂತರದಲ್ಲಿ ನಿಲ್ಲಿಸಿದೆ.

"ಹ್ಞೂಂ" ಎಂದರು ಮಾವ.

"ಮೇಡಂ, ನಾನು ಮುಟ್ಟೇ ಇಲ್ಲ!"

"ನನಗೆ ಬರೀ ಗೋಡೆ ಕಾಣ್ತಿತ್ತು" ಎಂದರು ಡಾಕ್ಟರಮ್ಮ. ಅತ್ತೆಯ ಕೈ ಸೋತು ಫೋನು ಆಚೆ ಹೊರಳಿತ್ತು.

"ಮುಟ್ಟಿದಿ ಬಿಡೋ. ನಾ ಇಲ್ಲೇ ನಿಂತು ನೋಡೀನಿ" ಎಂದರು ಅತ್ತೆ.

ಮಾವ ಕಣ್ಣು ತೆರೆದರು. "ಮೊದಲ ಸಲ ಪಾಪ ಅಷ್ಟು ಕಾಳಜಿಲೆ ಕೇಳಾಕತ್ತಿದ್ದಿ, ಇಲ್ಲ ಅನ್ನಾಕ ಮನಸ್ಸು ಬರಲಿಲ್ಲ. ಈ ಸಲ ಕೇಳಲಿಲ್ಲ, ಬೆರಳು ಬೆರಳಿಗೆ ಎಷ್ಟು ಹೊತ್ತು ಹಿಡೀತಿ ಅಂತ ತಾಳಕ್ಕ ಹೇಳಿದೆ. ಮೂವತ್ತು ವರ್ಷ ಮಷಿನ್ ತುಳಿದವಗ ಅಷ್ಟೂ ಗೊತ್ತಾಗಂಗಿಲ್ಲೇನು?"

ಡಾಕ್ಟರಮ್ಮ ನಗಲಿಲ್ಲ. "ಸೂಜಿ ಏನಾದ್ರೂ ಚುಚ್ಚಿರಬಹುದಾ?"

ಮಾವನಿಗೆ ಸಿಟ್ಟು ಬಂತು. "ನನ್ನ ಅಂಗಡ್ಯಾಗ ಸೂಜಿ ನೆಲಕ್ಕ ಬೀಳಂಗಿಲ್ರಿ. ಮುರಿದ್ರ ಎರಡೂ ತುಂಡು ಡಬ್ಬಿಗೆ ಹಾಕತೀನಿ. ಗಿರಾಕಿ ಮಕ್ಕಳು ಬರಿಗಾಲಾಗ ಓಡಾಡತಾವು."

"ಸ್ಪರ್ಶ ಇಲ್ಲದ ಕಾಲು ಸುಳ್ಳು ಹೇಳುತ್ತೆ ಯಜಮಾನ್ರೆ. ಬ್ಲೇಡ್ ಮುಟ್ಟಬ್ಯಾಡ್ರಿ. ಇವತ್ತೇ ಎಕ್ಸ್‌ರೇ ತೆಗೆಸ್ರಿ. ತಡ ಆದ್ರೆ ಬೆರಳಿನ ಖಾತ್ರಿ ನಾನು ಕೊಡಲ್ಲ."

ಕಾರು ಮಾಡಿಕೊಂಡು ಹರಪನಹಳ್ಳಿಯ ಆಸ್ಪತ್ರೆಗೆ ಹೊರಟೆವು. ಮಾವ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಬ್ಲೌಸಿಗೆ ಹುಕ್ಕು ಹಚ್ಚುತ್ತ ಬಂದರು. ನನ್ನ ತಲೆಯಲ್ಲಿ ಒಂದೇ ವಿಚಾರ. ನಾನು ಮುಟ್ಟಿದ್ದೆನೋ, ಇಲ್ಲವೋ? ಮಾವ ನಿಜ ಒಪ್ಪಿಕೊಂಡದ್ದು ನನ್ನ ಆ ಮಾತು ಕೇಳಿಯೇ. ಬೆರಳ ತುದಿಯನ್ನು ಬಟ್ಟೆಗೆ ಒರೆಸಿ ಒರೆಸಿ ನೋಡಿಕೊಂಡೆ, ಅದಕ್ಕೆ ನೆನಪಿರುತ್ತದೆ ಎಂಬಂತೆ.

ಎಕ್ಸ್‌ರೇಯಲ್ಲಿ ಹೆಬ್ಬೆರಳಿನ ಬುಡಕ್ಕೆ ಓರೆಯಾಗಿ ಸಣ್ಣ ಬಿಳಿ ಗೆರೆ ಇತ್ತು. ಮಾವ ಅದನ್ನೇ ನೋಡುತ್ತ ಕುಳಿತರು. ಹುಕ್ಕು ಹಚ್ಚುವ ಕೈ ನಿಂತಿತ್ತು.

"ಹದಿನಾರು ನಂಬರಿನ ಸೂಜಿ" ಎಂದರು ಮೆಲ್ಲಗೆ. "ಪರದೆ ಬಟ್ಟಿ ಹೊಲಿಯಾಕ ಹಾಕಿದ್ದೆ."

ಅವತ್ತೇ ಅಲ್ಲೇ ತುಂಡು ತೆಗೆದರು. ಒಳಗೆ ಕೀವು ಕಟ್ಟಲು ಶುರುವಾಗಿತ್ತು. ಇನ್ನು ಕೆಲವು ದಿನ ಬಿಟ್ಟಿದ್ದರೆ ಮೂಳೆಗೆ ಇಳಿಯುತ್ತಿತ್ತು ಎಂದರು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟೂ ದಿನ ಡಾಕ್ಟರಮ್ಮ ವಾರಕ್ಕೊಮ್ಮೆ ಫೋನಿನಲ್ಲೇ ಗಾಯ ನೋಡಿದರು, ಮಾವ ಟೇಪು ಹಿಡಿದು ತೋರಿಸಿದರು. ಹಬ್ಬದ ಬ್ಲೌಸುಗಳನ್ನು ಅತ್ತೆ ಮತ್ತು ಪಕ್ಕದ ಅಂಗಡಿಯವರು ಸೇರಿ ಮುಗಿಸಿದರು. ಈಗ ಮಷಿನ್ನಿಗೆ ಮೋಟಾರು ಬಂದಿದೆ. ದಿನಾ ಸಂಜೆ ಅತ್ತೆ ಮಾವನ ಪಾದ ತಿರುವಿ ನೋಡುತ್ತಾರೆ, ಏನನ್ನೂ ಕೇಳುವುದಿಲ್ಲ.

ನಾನು ಮಾತ್ರ ಕೇಳುತ್ತಲೇ ಇದ್ದೇನೆ. "ಅತ್ತಿ, ಖರೇ ಹೇಳ್ರಿ, ನಾ ಮುಟ್ಟಿದ್ನೇನು?" ಪ್ರತಿ ಸಲವೂ ಅವರ "ಮುಟ್ಟಿದಿ" ಗಟ್ಟಿಯಾಗುತ್ತದೆ, ನನ್ನ "ಇಲ್ಲ" ಸಡಿಲವಾಗುತ್ತದೆ. ಕರೆ ರೆಕಾರ್ಡ್ ಆಗಿರಲಿಲ್ಲ. ಮುಟ್ಟಿದ್ದೂ ಮುಟ್ಟಲಿಲ್ಲ ಎಂದಿದ್ದರೆ, ಮಾವನ ಕಾಲು ಉಳಿದದ್ದು ನನ್ನ ತಪ್ಪು ಮಾತಿನಿಂದ.

ಆಸ್ಪತ್ರೆಯವರು ತೆಗೆದ ಸೂಜಿಯ ತುಂಡನ್ನು ಸಣ್ಣ ಶೀಷೆಯಲ್ಲಿ ಹಾಕಿ ಕೊಟ್ಟಿದ್ದರು. ಹೋದ ತಿಂಗಳು ಅಂಗಡಿಗೆ ಹೋದಾಗ, ಮುಟ್ಟಿದ್ದಕ್ಕಿಲ್ಲದ ಸಾಕ್ಷಿ ಸೂಜಿಗಾದರೂ ಸಿಗಲಿ ಎಂದು, ಮಾವನ ಮುರಿದ ಸೂಜಿಗಳ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ತುಂಡಿಗೆ ತುಂಡು ಜೋಡಿಸಿದೆ. ಒಂದನ್ನು ಬಿಟ್ಟು ಎಲ್ಲಕ್ಕೂ ಜೊತೆ ಸಿಕ್ಕಿತು. ಮೇಲಿನ ಅರ್ಧ ಮಾತ್ರ ಇದ್ದ ಸೂಜಿ ಒಂದೇ ಉಳಿಯಿತು. ಶೀಷೆಯ ತುಂಡನ್ನು ಅದಕ್ಕೆ ಹೊಂದಿಸಿ, ಹೊಸದೊಂದು ಹದಿನಾರು ನಂಬರಿನ ಸೂಜಿಯ ಪಕ್ಕ ಇಟ್ಟೆ. ಮಾವ ಟೇಪು ಹಿಡಿದರು. ಜೋಡಿಸಿದ್ದೂ ಹೊಸದೂ ಒಂದೇ ಉದ್ದ ಇದ್ದವು.