ಗುಡಿಸಿದ ಅಂಗಳ, ಕುಸಿಯುವ ಮಾಡು

ಸೂರ್ಯ ಇನ್ನೂ ಬಂದರಿನ ಗೋಡೆ ದಾಟಿಲ್ಲ. ಮಿನಾಸೆ ಪಟ್ಟಣದ ಏರು ಓಣಿಯಲ್ಲಿ, ವಾಲಿದ ಮನೆಯೊಂದರ ಮುಂದೆ ನಿಂತು ತೋಮೊಯೆ ಸಿಡಿಮಿಡಿಗುಟ್ಟುತ್ತಿದ್ದಾರೆ. ಕರೆಂಟಿನ ಮೀಟರು ನಿಂತು ವರ್ಷಗಳಾಗಿವೆ, ಮಾಡಿನ ಹೆಂಚುಗಳು ಓಣಿಯತ್ತ ಜಾರಿವೆ. ಆದರೆ ಅಂಗಳದಲ್ಲಿ ಒಂದು ಎಲೆಯೂ ಇಲ್ಲ.

"ಕಿನು ಅಜ್ಜಿ, ಮತ್ತೆ ಗುಡಿಸಿದ್ರಾ?"

ಪಕ್ಕದ ಮನೆಯ ಕಿನು ಪೊರಕೆ ಹಿಡಿದೇ ಹೊರಬರುತ್ತಾರೆ. "ಎದುರಿಗೆ ಮೂರು ಮನೆ, ಎಡಕ್ಕೊಂದು ಬಲಕ್ಕೊಂದು ಗುಡಿಸ್ಬೇಕು ಅಂತ ನಮ್ಮತ್ತೆ ಕಲಿಸಿದ್ದು. ಈ ವಯಸ್ಸಲ್ಲಿ ಬಿಡು ಅಂದ್ರೆ ಹೇಗಮ್ಮ?"

"ಆ ಹೆಂಚು ತಲೆ ಮೇಲೆ ಬಿದ್ರೆ ನಿಮ್ಮತ್ತೆ ಬಂದು ಹಿಡ್ಕೋತಾರಾ?"

ಮೀನಿನ ಡಬ್ಬಿ ಕಾರ್ಖಾನೆ ಮುಚ್ಚಿದ ಮೇಲೆ ತೋಮೊಯೆ ನಗರಸಭೆಯಲ್ಲಿ ಖಾಲಿ ಮನೆಗಳನ್ನು ಪತ್ತೆ ಹಚ್ಚುವ ಗುತ್ತಿಗೆ ಕೆಲಸಕ್ಕೆ ಸೇರಿದರು. ದಿನಕ್ಕೆ ಇಪ್ಪತ್ತು ಬಾಗಿಲು ತಟ್ಟುತ್ತಾರೆ, ತೆರೆಯುವವರಿಲ್ಲ ಎಂದು ಗೊತ್ತಿದ್ದೂ. ವರ್ಷವಿಡೀ ಯಾರೂ ವಾಸವಿಲ್ಲದ, ಯಾರೂ ನೋಡಿಕೊಳ್ಳದ ಮನೆಯನ್ನು ಖಾಲಿ ಮನೆಯೆಂದು ನೋಂದಾಯಿಸಬೇಕು ಎನ್ನುತ್ತದೆ ಪಟ್ಟಣದ ನಿಯಮ. ನೋಂದಣಿಯಾದರೆ ಜಾಗದ ತೆರಿಗೆ ರಿಯಾಯಿತಿ ತಪ್ಪುತ್ತದೆ. ಮಾಲೀಕ ದುರಸ್ತಿ ಮಾಡಿಸಬೇಕು, ಇಲ್ಲವೇ ಕೆಡವಬೇಕು. ಹಾಗಾಗಿ ತೋಮೊಯೆ ಎಂದರೆ ಮಾಲೀಕರಿಗೆ ಮೈಯೆಲ್ಲ ಉರಿ.

ಈ ಮನೆಯ ಮಾಲೀಕ ಕಾತ್ಸುಹಿಕೊ ಇರುವುದು ಒಸಾಕಾದಲ್ಲಿ. ಸತ್ತ ಹಿರಿಯರನ್ನು ನೆನೆಯುವ ಓಬೊನ್ ಹಬ್ಬಕ್ಕೆ ಬಂದು, ಮನೆಯೊಳಗೆ ತೀರಿಹೋದ ಅಪ್ಪನ ಹೆಸರಲ್ಲಿರುವ ಹಿರಿಯರ ಮಂಟಪಕ್ಕೆ ಊದುಬತ್ತಿ ಹಚ್ಚಿ ಹೋದರೆ ಮತ್ತೆ ಮುಂದಿನ ವರ್ಷವೇ. "ಅಪ್ಪ ಒಳಗಿದ್ದಾರೆ. ಅದು ಖಾಲಿ ಮನೆ ಹೇಗಾಗುತ್ತೆ?" ಎಂಬುದು ಅವನ ವಾದ. ಫೋಟೊ ನೋಡಿದ ಮೇಲಧಿಕಾರಿಯೂ "ಅಂಗಳ ಚೊಕ್ಕಟವಾಗಿದೆ, ನೋಡ್ಕೊಳ್ಳೋರಿದ್ದಾರೆ" ಎಂದು ಕಡತ ಮುಚ್ಚುತ್ತಾರೆ. ಸತ್ತವರ ಹೆಸರಲ್ಲಿ ತೆರಿಗೆ ಉಳಿಸುವವನೂ ಕುರ್ಚಿ ಬಿಟ್ಟೇಳದೆ ನ್ಯಾಯ ಹೇಳುವವನೂ ಒಂದಾದರೆ ಓಣಿಯಲ್ಲಿ ಓಡಾಡುವವರಿಗೆ ಯಾರು ದಿಕ್ಕು? ಕಳೆದ ಬಿರುಗಾಳಿಗೆ ಕೆಳಗಿನ ಓಣಿಯ ಇಂಥದೇ ಮನೆಯ ಗೋಡೆ ಉರುಳಿ, ಪತ್ರಿಕೆ ಹಂಚುವ ಸುಮಿಯೆ ಅವರ ಕಾಲು ಮುರಿಯಿತು. ಆ ಮನೆಯ ಅಂಗಳವನ್ನೂ ಯಾರೋ ಪುಣ್ಯಾತ್ಮರು ಗುಡಿಸುತ್ತಿದ್ದರು.

"ಹದಿನೈದು ದಿನ ಗುಡಿಸ್ಬೇಡಿ ಅಜ್ಜಿ, ಬೇಡ್ಕೋತೀನಿ" ಎಂದು ತೋಮೊಯೆ ಸೊಂಟ ಬಗ್ಗಿಸುತ್ತಾರೆ.

ಕಿನು ಹೆಂಚುಗಳತ್ತ ನೋಡಿ ತೋಮೊಯೆಯ ಫೋನಿಗೆ ಕೈಚಾಚುತ್ತಾರೆ. "ಗುಡಿಸೋ ಮಾತು ಆಮೇಲೆ. ಮೊದ್ಲು ಅವನಿಗೆ ಫೋನ್ ಹಚ್ಚು."

ತೋಮೊಯೆ ಫೋನು ಹಚ್ಚಿ ಕೊಡುತ್ತಾರೆ. "ಕಾತ್ಸು, ನಾನು ಕಿನು. ನಿಮ್ಮಪ್ಪನ ನೆತ್ತಿ ಮೇಲೆ ಸೋರ್ತಾ ಇದೆ ಕಣೋ. ಮಂಟಪಾನ ನಮ್ಮನೇಲಿಡು, ದಿನಾ ಅನ್ನ ಇಡ್ತೀನಿ. ಈ ಮನೆ ಕೆಡವಿಸು."

ಆ ಕಡೆಯಿಂದ ಗೊಣಗಾಟ: "ಅಕ್ಕಪಕ್ಕದೋರು ಏನಂದ್ಕೋತಾರೋ..."

"ಅಕ್ಕಪಕ್ಕದೋಳು ನಾನೇ ಕಣೋ!"

ಭಾನುವಾರ ಬರುತ್ತೇನೆ ಎನ್ನುತ್ತಾನೆ. ತೋಮೊಯೆ ನಗುವುದಿಲ್ಲ, ಇಂಥ ಭಾನುವಾರಗಳನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

"ಬಂದ್ರೆ ಮಂಟಪ ನಾನೇ ಹೊತ್ತು ತರ್ತೀನಿ. ಬರದಿದ್ರೆ, ಸೋಮವಾರ ನಮ್ಮ ಸಾಹೇಬ್ರನ್ನ ಕರ್ಕೊಂಡು ಬಂದು ಈ ಮಾಡಿನ ಕೆಳಗೇ ನಿಲ್ಲಿಸ್ತೀನಿ. ಚೊಕ್ಕಟ ಅನ್ನೋ ಮಾತನ್ನ ಅಲ್ಲಿ ನಿಂತು ಹೇಳ್ಲಿ."