ಕ್ಯಾಲೆಂಡರ್ ಹಾಳೆಯ ಹಿಂಬದಿಯ ಪಟ್ಟಿ

ಮೊನ್ನೆ ಬೀರುವಿನಲ್ಲಿ ಯಾವುದೋ ಕಾಗದ ಹುಡುಕುತ್ತಿದ್ದಾಗ ಬಟ್ಟೆಗಳ ಅಡಿಯಿಂದ ಒಂದು ಪೊಟ್ಟಣ ಸಿಕ್ಕಿತು. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಟ್ಟಿದ್ದ, ಅಂಗೈಯಷ್ಟಗಲದ ತಣ್ಣನೆಯ ವಸ್ತು. ನನ್ನ ಹಿಂದಿನ ಲ್ಯಾಪ್‌ಟಾಪಿನ ಸತ್ತ ಹಾರ್ಡ್ ಡಿಸ್ಕ್. ಹಾಳೆಯ ಹಿಂಬದಿಯಲ್ಲಿ ನನ್ನದೇ ಅಕ್ಷರದ ಮೂರು ಸಾಲು, ಅವುಗಳ ಮೇಲೆ ನಾನೇ ಎಳೆದ ಅಡ್ಡಗೀಟುಗಳು. ಕೊಳ್ಳೇಗಾಲದ ರಿಪೇರಿ ಅಣ್ಣ ಕಣ್ಣ ಮುಂದೆ ಬಂದು ನಿಂತರು...

ಆಗ ನಾನು ಯಳಂದೂರಿನಲ್ಲಿ ಮೇಷ್ಟ್ರು. ಭಾನುವಾರ ಬಂದರೆ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಬಿಳಿಗಿರಿರಂಗನ ಬೆಟ್ಟದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಸೋಲಿಗರ ಒಂದು ಪೋಡಿನಲ್ಲಿ, ಅಂದರೆ ಕಾಡಿನೊಳಗಿನ ಹಾಡಿಯಲ್ಲಿ, ಒಬ್ಬ ಅಜ್ಜ ಇದ್ದರು. ಕಾಡಿನ ಒಂದೊಂದು ಹಳ್ಳದ ಹೆಸರನ್ನೂ, ಅದಕ್ಕೆ ಆ ಹೆಸರು ಬಂದ ಕತೆಯನ್ನೂ ಹೇಳುತ್ತಿದ್ದರು. ನಾನು ಅದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿಕೊಂಡು ಎಂ.ಫಿಲ್‌ಗೆ ಪ್ರಬಂಧ ಬರೆಯುತ್ತಿದ್ದೆ.

ಆ ಪೋಡಿನಲ್ಲಿ ಆಗ ಕರೆಂಟಿರಲಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬ್ಯಾಟರಿ ದಂಡ ಎಂದು, ಮುಚ್ಚಳ ಮುಚ್ಚಿದರೂ ಓಡುತ್ತಲೇ ಇರುವ ಹಾಗೆ ಮಾಡಿಟ್ಟುಕೊಂಡಿದ್ದೆ. ಹಾಗೆ ಓಡುತ್ತಿದ್ದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕುಲುಕಾಡುತ್ತ ಬೆಟ್ಟ ಇಳಿಯುತ್ತಿದ್ದೆ. ಓಡುವಾಗ ಕುಲುಕಿದರೆ ಒಳಗಿನ ಡಿಸ್ಕ್ ಹಾಳಾಗುತ್ತದೆಂದು ತಿಳಿಯದೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೂ ಉಂಟು.

ಅಜ್ಜ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದು, ತಿಥಿಯ ದಿನ ಅಪ್ಪನ ದನಿ ಕೇಳಿಸುತ್ತೀರಾ ಎಂದು ಕೇಳಿದಳು. ಅದಕ್ಕೇನಂತೆ ಎಂದುಬಿಟ್ಟೆ. ತಿಥಿಗೆ ಮೂರು ದಿನ ಇದ್ದಾಗ ಲ್ಯಾಪ್‌ಟಾಪ್ ಆನ್ ಮಾಡಿದರೆ ಪರದೆ ಕಪ್ಪು. ಒಳಗಿನಿಂದ ಟಕ್, ಟಕ್ ಎಂಬ ಸದ್ದು. ಬೇರೆಲ್ಲೂ ಒಂದು ಕಾಪಿ ಇಟ್ಟಿರಲಿಲ್ಲ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋದೆ. ಆ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಿತ್ತು. ಅಣ್ಣ ಮೊದಲು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಬೆಸುಗೆಯ ಹೊಗೆಯ ವಾಸನೆ ಅವರ ಶರ್ಟಿಗೇ ಅಂಟಿಕೊಂಡಿತ್ತು. ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಒಂದೇ ಕ್ಷಣ ಕಿವಿಗೊಟ್ಟು ಕೇಳಿ, ತಟ್ಟನೆ ಆಫ್ ಮಾಡಿದರು. ಆಮೇಲೆ ಗೋಡೆಯಿಂದ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಪೆನ್ನಿನ ಜೊತೆ ನನ್ನ ಕೈಗಿಟ್ಟರು.

"ಇನ್ನೆಷ್ಟೊತ್ತು ಓದ್ತದೋ ನಂಗೊತ್ತಿಲ್ಲ ಸಾ. ಅರ್ಧ ಗಂಟೆಗೇ ನಿಂತೋಗ್ಬೌದು. ಮೊದ್ಲು ಯಾವ್ದು ತಕಬೇಕು, ವರ್ಸೆಯಾಗಿ ಬರ್ದ್ಕೊಡಿ."

ಪಟ್ಟಿ ಕೈಗೆ ಬರದೆ ಅವರು ಯಾರ ಡಿಸ್ಕನ್ನೂ ಮತ್ತೆ ಆನ್ ಮಾಡುತ್ತಿರಲಿಲ್ಲವಂತೆ. ನಾನು ಬರೆದೆ. ಒಂದು, ಪ್ರಬಂಧ. ಎರಡು, ಮಗಳ ನಾಮಕರಣದ ಫೋಟೊ. ಮೂರು, ಅಜ್ಜನ ರೆಕಾರ್ಡಿಂಗ್. ಹೇಳಲು ಈಗಲೂ ನಾಚಿಕೆಯಾಗುತ್ತದೆ, ಅದೇ ವರಸೆಯಲ್ಲಿ ಬರೆದೆ. ಅವರು ಓದಿ, ಕನ್ನಡಕ ಮೇಲಕ್ಕೇರಿಸಿ, ಅಜ್ಜ ಯಾರು ಎಂದು ವಿಚಾರಿಸಿದರು. ಹೇಳಿದೆ. ತಿಥಿ ಯಾವಾಗ ಎಂಬುದನ್ನೂ ಹೇಳಿದೆ. ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು.

"ಇದ್ರಲ್ಲಿ ತಿರ್ಗಾ ಮಾಡಾಕಾಗ್ದೇ ಇರೋದು ಯಾವ್ದು ಸಾ?"

ಪ್ರಬಂಧದ ಟಿಪ್ಪಣಿಗಳು ಮನೆಯಲ್ಲಿದ್ದವು. ಫೋಟೊಗಳು ಭಾವಮೈದುನನ ಹತ್ತಿರವೂ ಇದ್ದವು. ಪಟ್ಟಿ ವಾಪಸ್ ಇಸಿದುಕೊಂಡು ಗೀಟು ಹೊಡೆದು ಅಜ್ಜನನ್ನು ಮೇಲಕ್ಕೆ ತಂದೆ.

ಹೊಸ ಡಿಸ್ಕ್ ಸಿಕ್ಕಿಸಿ, ಹಳೆಯದನ್ನು ಮಡಿಸಿದ ಟವೆಲಿನ ಮೇಲಿಟ್ಟು, ಟೇಬಲ್ ಫ್ಯಾನಿನ ಗಾಳಿ ಬಿಟ್ಟು ಶುರು ಮಾಡಿದರು. ಪರದೆಯ ಮೇಲಿನ ಹಸಿರು ಪಟ್ಟಿ ಒಂದು ಎಳೆ ಮುಂದೆ ಸರಿಯುವುದು, ನಿಲ್ಲುವುದು. ಟಕ್ ಎಂದಾಗಲೆಲ್ಲ ನಾನು ಪರದೆಯತ್ತ ಬಾಗುತ್ತಿದ್ದೆ. ಮಾತಾಡಲು ಹೋದರೆ ಕೈ ಅಡ್ಡ ಮಾಡಿ ಸುಮ್ಮನಿರಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೂ ಅವರು ಏಳಲಿಲ್ಲ. ನಾನು ಆ ಅಜ್ಜನ ಮಗಳಿಗೆ ಏನೆಂದು ಮುಖ ತೋರಿಸಲಿ ಎಂದು ಲೆಕ್ಕ ಹಾಕುತ್ತ ರಸ್ತೆಗೂ ಅಂಗಡಿಗೂ ಓಡಾಡಿದೆ. ಸಂಜೆ ನಾಲ್ಕರ ಸುಮಾರಿಗೆ ಡಿಸ್ಕ್ ಕರ್ರೆಂದು ಒಂದು ಸದ್ದು ಮಾಡಿ ಶಾಶ್ವತವಾಗಿ ನಿಂತಿತು.

ಬಂದದ್ದು ಅಜ್ಜನ ದನಿ ಮಾತ್ರ. ಅದರಲ್ಲೂ ಕೊನೆಯ ಭಾಗ ಇರಲಿಲ್ಲ. "ಅಲ್ಲಿಂದ ಮ್ಯಾಕ್ಕೆ ಓದ್ರೆ..." ಎನ್ನುವಲ್ಲಿಗೆ, ಮೇಲಕ್ಕೆ ಹೋದರೆ ಯಾವ ಹಳ್ಳ ಎಂದು ಹೇಳುವ ಮೊದಲೇ, ನಿಂತುಹೋಗುತ್ತಿತ್ತು. ಪೂರ್ತಿ ತೆಗೆಯಲಾಗಲಿಲ್ಲವೆಂದು ಅಣ್ಣ ನನಗಿಂತ ಹೆಚ್ಚು ನೊಂದುಕೊಂಡರು. ಸತ್ತ ಡಿಸ್ಕನ್ನು ಅದೇ ಹಾಳೆಯಲ್ಲಿ ಸುತ್ತಿ ಕೊಟ್ಟರು.

ತಿಥಿಯ ದಿನ ಹೆದರುತ್ತಲೇ ಹಾಕಿದೆ. ಪೋಡಿಗೆ ಪೋಡೇ ಅಂಗಳದಲ್ಲಿ ಕೂತಿತ್ತು. "ಅಲ್ಲಿಂದ ಮ್ಯಾಕ್ಕೆ ಓದ್ರೆ..." ಎಂದು ದನಿ ನಿಂತಾಗ ನಾನು ತಲೆ ತಗ್ಗಿಸಿದೆ. ಅಜ್ಜನ ಮಗಳು ಕೂತಲ್ಲಿಂದಲೇ ಮುಂದಿನ ಹಳ್ಳದ ಹೆಸರು ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು... ಇದನ್ನು ರಿಪೇರಿ ಅಣ್ಣನಿಗೆ ಹೇಳಬೇಕು ಎಂದುಕೊಂಡೆ. ಪ್ರಬಂಧ ಮತ್ತೆ ಬರೆಯುವ ಗಡಿಬಿಡಿ, ಆಮೇಲೆ ಹನೂರಿಗೆ ವರ್ಗ. ಕೊಳ್ಳೇಗಾಲದ ಮೇಲೇ ಎಷ್ಟೋ ಸಲ ಹಾದುಹೋದರೂ ಬಸ್ಸಿಂದ ಇಳಿಯಲಿಲ್ಲ.

ಪೊಟ್ಟಣ ಸಿಕ್ಕ ಮರುದಿನ ಇಳಿದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗಲ್ಲಾದಲ್ಲಿದ್ದ ಹೆಂಗಸು, "ಅವ್ರು ತೀರ್ಕೊಂಡು ಎರ್ಡು ವರ್ಸಾಯ್ತು ಸಾ" ಎಂದರು.

ಅಜ್ಜನ ದನಿ ಈಗ ನನ್ನ ಬಳಿ ನಾಲ್ಕು ಕಡೆ ಇದೆ. ತಿರುಗಿ ಮಾಡಲಾಗದ್ದು ಯಾವುದು ಎಂದು ನನ್ನನ್ನು ಕೇಳಿದವರ ದನಿ ಎಲ್ಲೂ ಇಲ್ಲ. ಆ ಇಡೀ ದಿನ ಅವರ ಎದುರಿಗೇ ಇದ್ದೆ, ಜೇಬಿನಲ್ಲಿ ಮೊಬೈಲೂ ಇತ್ತು.