ಬೈಕಿನ ಹಿಂದೆ ಅತ್ತೆಗೊಂದು ಹಿಡಿ

ಅಳಿಯ ಗಲ್ಫಿನಿಂದ ರಜೆಯಲ್ಲಿ ಬಂದವನು ದೂರದ ಊರುಗಳಿಗೆ ಓಡಿಸಲೆಂದು ದೊಡ್ಡದೊಂದು ಬೈಕ್ ತೆಗೆದ. ವಾರದೊಳಗೆ ಮೆಲ್ಕಾರಿನ ಗ್ಯಾರೇಜಿಗೆ ಕೊಂಡುಹೋಗಿ ಅದರ ಹಿಂಭಾಗವನ್ನೆಲ್ಲ ಬೋಳಿಸಿ ತಂದ. ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ಇದ್ದ ಸೀರೆ ಗಾರ್ಡ್ ಇಲ್ಲ. ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿ ಇಲ್ಲ. ಮಡ್‌ಗಾರ್ಡ್ ಅರ್ಧಕ್ಕೆ ಕತ್ತರಿಸಿದೆ, ನಂಬರ್ ಪ್ಲೇಟ್ ಸೀಟಿನ ಅಡಿಗೆ ಸರಿದಿದೆ. ಅಂಗಳದಲ್ಲಿ ನಿಲ್ಲಿಸಿ ಸುತ್ತ ಬಂದು ನೋಡಿದ್ದೇ ನೋಡಿದ್ದು.

“ಈಗ ಕ್ಲೀನ್ ಕಾಣ್ತದಲ್ಲ?” ಎಂದು ನನ್ನ ಮಗಳನ್ನು ಕೇಳಿದ.

ನಾನು ಬಾಗಿಲ ಮರೆಯಿಂದ ಹೇಳಿದೆ, “ಪುಕ್ಕ ಕಿತ್ತ ಕೋಳಿಯ ಹಾಗೆ ಉಂಟು.”

ಮಗಳು ನಕ್ಕಳು. ಅವನು ನಗಲಿಲ್ಲ.

ಅದೇ ತಿಂಗಳು ಹೊಸ ಚಪ್ಪಲಿ ಕಚ್ಚಿ ನನ್ನ ಬಲಗಾಲಿನಲ್ಲಿ ಹುಣ್ಣಾಯಿತು. ನನಗೆ ಶುಗರ್. ಮೂಡುಬಿದಿರೆಯ ಡಾಕ್ಟರು ನೋಡಿ, ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಬೇಕು, ಉದಾಸೀನ ಮಾಡಿದರೆ ಪಾದವನ್ನೇ ತೆಗೆಯಬೇಕಾದೀತು ಎಂದರು. ನಮ್ಮ ಮಡಂತ್ಯಾರಿನಿಂದ ಗುರುವಾಯನಕೆರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆ ಕಾಲಿನಲ್ಲಿ ಅದು ಆಗುವ ಕೆಲಸವಲ್ಲ.

“ನಾನು ಕರ್ಕೊಂಡು ಹೋಗ್ತೇನೆ ಮಾಮಿ” ಎಂದ ಅಳಿಯ.

ಬುರ್ಖಾ ಒಟ್ಟುಮಾಡಿ ಒಂದು ಬದಿಗೆ ಕಾಲು ಹಾಕಿ ಕೂತೆ. ಅಳಿಯನ ಎದುರು ಕೂತು ಊಟ ಮಾಡಿದವಳೂ ಅಲ್ಲ ನಾನು. ಪೇಟೆಯ ದಾರಿಯಲ್ಲಿ ಅವನ ಹೆಗಲು ಹಿಡಿಯುವುದು ಹೇಗೆ? ಹರಾಮೇನೂ ಅಲ್ಲ, ನನಗೆ ನಾಚಿಕೆ. ಸೀಟಿನ ಅಂಚನ್ನೇ ಒತ್ತಿ ಹಿಡಿದೆ. ಗುರುವಾಯನಕೆರೆ ಸಿಗುವ ಮೊದಲು ಒಂದು ಹೊಂಡ. ಜಾರಿದೆ. ಹುಣ್ಣಿನ ಕಾಲೇ ಮೊದಲು ರಸ್ತೆಗೆ ಬಡಿಯಿತು. ಬಟ್ಟೆಯೆಲ್ಲ ರಕ್ತ.

“ಹಿಡ್ಕೊಳ್ಬೇಕಿತ್ತಲ್ಲ ಮಾಮಿ!”

“ಎಂತದ್ದನ್ನು? ಹಿಡಿಯುವಂಥದ್ದು ಎಂತ ಬಿಟ್ಟಿದ್ದೀರಿ ನೀವು?”

ಅವನ ಮುಖ ಬಿಳಿಚಿತು. ಡಾಕ್ಟರು ಬೈದದ್ದೂ ಅವನಿಗೇ.

ಮರುದಿನ ಮೆಲ್ಕಾರಿಗೆ ಹೋದ. ಬಿಚ್ಚಿದ ಸಾಮಾನು ಗುಜರಿಗೆ ಹೋಗಿ ಆಗಿತ್ತು. ಮೀನು ಮಾರುವವನ ಹಳೆಯ ಗಾಡಿಯ ಕಬ್ಬಿಣದ ಕ್ಯಾರಿಯರ್ ಒಂದು ಸಿಕ್ಕಿತಂತೆ. ಅದನ್ನೇ ವೆಲ್ಡ್ ಮಾಡಿಸಿ, ಹಿಡಿಯಲಿಕ್ಕೆ ದಪ್ಪದ ಪೈಪ್, ಕಾಲಿಡಲಿಕ್ಕೆ ಅಗಲದ ತಗಡು, ಚಕ್ರಕ್ಕೆ ಜಾಲರಿ ಎಲ್ಲ ಹಾಕಿಸಿಕೊಂಡು ಬಂದ. ಅಷ್ಟು ಚಂದದ ಬೈಕಿನ ಅವಸ್ಥೆ ನೋಡಿ ನನಗೇ ಕೆಟ್ಟದೆನಿಸಿತು. ಆದರೂ ಹತ್ತಿ ಕೂತೆ.

ಗುರುವಾಯನಕೆರೆಯ ಚಾ ಅಂಗಡಿಯ ಎದುರು ಅವನ ಗೆಳೆಯರು ಬೈಕ್ ನಿಲ್ಲಿಸಿಕೊಂಡಿದ್ದರು.

“ಎಂತ ಮಾರಾಯ, ಬೂತಾಯಿ ಮೀನು ಮಾರ್ಲಿಕ್ಕೆ ಹೊರಟೆಯಾ?”

“ಬೂತಾಯಿ ಅಲ್ಲ, ಮಾಮಿ. ದಾರಿ ಬಿಡು.”

ಅವರು ಹೋ ಎಂದು ನಕ್ಕರು. ನಾನು ಬುರ್ಖಾದ ಒಳಗೇ ನಕ್ಕೆ.

ಆ ಗೆಳೆಯರೆಲ್ಲ ಊಟಿಗೆ ಹೋಗಿ ಬಂದರು. ಇವನ ಬೈಕ್ ಮೂಡುಬಿದಿರೆ ದಾಟಲಿಲ್ಲ. ರಜೆಯ ಹೆಚ್ಚಿನ ದಿನಗಳು ಆಸ್ಪತ್ರೆಯ ಬೆಂಚಿನಲ್ಲೇ ಮುಗಿದವು. ಒಂದು ದಿನವೂ ಮುಖ ಗಂಟು ಹಾಕಿದ್ದು ನಾನು ಕಾಣೆ. ಹೆತ್ತ ಮಗ ಇದ್ದಿದ್ದರೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ, ಹೇಳಲಿಕ್ಕಾಗುವುದಿಲ್ಲ.

ಹುಣ್ಣು ಒಣಗಿತು, ಇನ್ನು ಒಮ್ಮೆ ಡಾಕ್ಟರಿಗೆ ತೋರಿಸುವುದು ಮಾತ್ರ ಬಾಕಿ. ಮರುದಿನವೇ ಅಳಿಯ ಆ ಕಬ್ಬಿಣವನ್ನೆಲ್ಲ ಕತ್ತರಿಸಿ ತೆಗೆಸಿದ. ಮಗಳು ಸಿಟ್ಟಾದಳು.

“ಉಮ್ಮ ಇನ್ನು ಹೇಗೆ ಹೋಗುವುದು?”

“ಬಸ್ಸಿನಲ್ಲಿ” ಎಂದೆ ನಾನು. “ಇನ್ನು ನಾಲ್ಕು ದಿನ ರಜೆ ಉಂಟು ಅವರಿಗೆ. ತಿರುಗಾಡಿ ಬರ್ಲಿ ಬಿಡು.”

ಅವನು ಘಾಟಿಯ ಕಡೆ ಹೊರಟ ದಿನ ನಾನೊಬ್ಬಳೇ ಡಾಕ್ಟರಿಗೆ ತೋರಿಸಲು ಹೋದೆ. ಗುರುವಾಯನಕೆರೆಯಲ್ಲಿ ಬಸ್ಸು ತುಂಬಿತ್ತು. ಸೀಟಿಲ್ಲ, ನಿಂತೇ ಹೋದೆ. ದಾರಿಯಲ್ಲಿ ಯಾರೋ ಒಬ್ಬ ನನ್ನ ಬಲಗಾಲು ತುಳಿದ. ಜೀವ ಹೋಗುವಷ್ಟು ನೋವು.

“ಕಣ್ಣು ಕಾಣುದಿಲ್ವಾ ನಿಂಗೆ?” ಎಂದು ಬೈದೆ. ಮತ್ತೆ, ನೋಯಲಿಕ್ಕೆ ಪಾದ ಉಳಿದಿದೆಯಲ್ಲ ಎಂದು ಅಲ್‌ಹಮ್ದುಲಿಲ್ಲಾ ಎಂದೆ.